ದಾಟದೆ ಹಿಂದಿರುಗಿದವರ ಪರವಾಗಿ

ನೇಪಾಳದಿಂದ ಹಿಂದಿರುಗಿದ ಮೊದಲ ದಿನ ಅಧ್ಯಾಪಕರ ಕೊಠಡಿಯಲ್ಲಿ ನನಗೆ ಎದುರಾದ ಪ್ರಶ್ನೆ ಒಂದೇ: “ದಾಟಿದಿರೇನು?” ಇಲ್ಲವೆಂದೆ. “ಹಾಗಾದರೆ ಹೋಗಿ ಬಂದು ಏನು ಬಂತು?” ಎಂದು ಹಿರಿಯ ಮಿತ್ರರೊಬ್ಬರು ಕಾಫಿಯ ಲೋಟ ಕೆಳಗಿಟ್ಟು ನಕ್ಕರು. ಆ ನಗೆಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಇಷ್ಟು ವರ್ಷಗಳ ಮೇಲೆ, ಸಂಪಾದಕರು ಲೇಖನ ಕೇಳಿದ ನೆಪದಲ್ಲಿ, ಕೊಡುತ್ತಿದ್ದೇನೆ. ನಮ್ಮ ಕಾಲೇಜಿನ ಹುಡುಗ ಹುಡುಗಿಯರು ಬೆನ್ನಿಗೆ ಚೀಲ ಕಟ್ಟಿಕೊಂಡು ಬೆಟ್ಟ ಹತ್ತುವುದು ಈಚೆಗೆ ಹೆಚ್ಚಿರುವುದರಿಂದ, ಇದು ಬರಿಯ ಸ್ವಸಮರ್ಥನೆಯೆಂದು ವಾಚಕರು ತಿಳಿಯಬಾರದಾಗಿ ವಿನಂತಿ.

2019ರ ದಸರಾ ರಜೆಯಲ್ಲಿ ನಾನೂ ನನ್ನಾಕೆಯೂ ಅನ್ನಪೂರ್ಣಾ ಪರ್ವತಶ್ರೇಣಿಯ ಪ್ರದಕ್ಷಿಣೆಗೆಂದು ಹೊರಟೆವು. ಆಸೆ ಆಕೆಯದು. ಪ್ರೌಢಶಾಲೆಯಲ್ಲಿ ಭೂಗೋಳ ಹೇಳಿಕೊಡುವವಳು. ಹದಿನೆಂಟು ವರ್ಷ ಹಿಮಾಲಯವನ್ನು ಕಪ್ಪುಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ಬರೆದು ಅಳಿಸಿದವಳು. ಚೀಟಿ ಹಾಕಿ ಹಣ ಕೂಡಿಸಿದವಳೂ ಅವಳೇ. ನಾನು ಜೊತೆಗಾರ. ಆದರೂ ಹೊರಟ ಮೇಲೆ ಯಜಮಾನಿಕೆ ನನ್ನ ಕೈಗೆ ಹೇಗೆ ಬಂತೋ, ಗಂಡಸರಿಗೆ ಅದು ತಾನಾಗಿಯೇ ಬಂದುಬಿಡುತ್ತದೆ.

ದಾರಿ ಬೇಸಿಸಹರ್ ಎಂಬ ಊರಿನಿಂದ ಮರ್ಸ್ಯಾಂಗ್ದಿ ನದಿಯ ಗುಂಟ ಮೇಲೇರಿ, ಮನಾಂಗ್ ಎಂಬ ಕಲ್ಲುಮನೆಗಳ ಊರನ್ನು ಸೇರಿ, 5416 ಮೀಟರ್ ಎತ್ತರದ ಥೊರಂಗ್ ಲಾ ಎಂಬ ಘಾಟಿಯನ್ನು ದಾಟಿ ಮುಕ್ತಿನಾಥಕ್ಕೆ ಇಳಿಯುತ್ತದೆ. ‘ಲಾ’ ಎಂದರೆ ಅಲ್ಲಿಯ ಭಾಷೆಯಲ್ಲಿ ಘಾಟಿಯೆಂದೇ ಅರ್ಥ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟು ಮಾತ್ರ. ಭಾರತೀಯರಿಗೆ ವೀಸಾ ಬೇಕಿಲ್ಲ. ಅನ್ನಪೂರ್ಣಾ ಸಂರಕ್ಷಣಾ ಪ್ರದೇಶದ ಪ್ರವೇಶಪತ್ರಕ್ಕೆ ಇತರ ವಿದೇಶಿಯರು ಕೊಡುವುದರ ಮೂರನೆಯ ಒಂದು ಪಾಲು ಕೊಟ್ಟರೆ ಸಾಕಿತ್ತು. ಗೋರಖಪುರದವರೆಗೆ ರೈಲು, ಅಲ್ಲಿಂದ ಸುನೌಲಿಯ ಗಡಿ, ಮತ್ತೆ ಬಸ್ಸು. ಪರದೇಶವೆಂಬ ಭಾವನೆ ಬರುವುದರೊಳಗೆ ಪರದೇಶ ಬಂದಿತ್ತು.

ನನ್ನದೊಂದು ಸಿದ್ಧಾಂತವಿತ್ತು: ತನ್ನ ಹೊರೆಯನ್ನು ತಾನೇ ಹೊರಬೇಕು. ಇನ್ನೊಬ್ಬ ಮನುಷ್ಯನ ಹಣೆಗೆ ಪಟ್ಟಿ ಕಟ್ಟಿಸಿ ನನ್ನ ಅಂಗಿ ಚಡ್ಡಿಗಳನ್ನು ಹೊರಿಸುವುದು ಅಮಾನುಷವೆಂದು ಮನೆಯಲ್ಲಿ ಒಂದು ಭಾಷಣವನ್ನೇ ಮಾಡಿದ್ದೆ. ಹಾಗಾಗಿ ಹೊರೆಯಾಳೂ ಇಲ್ಲ, ಮಾರ್ಗದರ್ಶಿಯೂ ಇಲ್ಲ. ನನ್ನ ಚೀಲ ಹದಿನಾಲ್ಕು ಕಿಲೋ, ಆಕೆಯದು ಒಂಬತ್ತು. ಅದರಲ್ಲಿ ಎರಡು ಕಿಲೋ ಹುರಿದ ಅವಲಕ್ಕಿ ಮತ್ತು ಚಟ್ನಿಪುಡಿ. ಆ ವಿಷಯದಲ್ಲಿ ನಮ್ಮಿಬ್ಬರಿಗೂ ಸಿದ್ಧಾಂತವಿರಲಿಲ್ಲ.

ಬೇಸಿಸಹರ್ ಮುಟ್ಟಿದ್ದು ವಿಜಯದಶಮಿಯ ದಿನ. ನಮ್ಮ ದಸರಾ ಅಲ್ಲಿ ದಶೈಂ. ಹಿರಿಯರು ಕಿರಿಯರ ಹಣೆಗೆ ಮೊಸರು, ಅಕ್ಕಿ, ಕುಂಕುಮ ಕಲಸಿದ ದೊಡ್ಡ ತಿಲಕವಿಟ್ಟು, ಮನೆಯೊಳಗೆ ಮೊಳೆಯಿಸಿದ ಜವೆಯ ಹಳದಿ ಚಿಗುರನ್ನು ಮುಡಿಸಿ ಹರಸುತ್ತಾರೆ. ನಾವು ತಂಗಿದ ಮನೆಯ ಮುದುಕರು ನಮ್ಮಿಬ್ಬರನ್ನೂ ಕೂರಿಸಿ ತಿಲಕವಿಟ್ಟರು. ನನ್ನಾಕೆ ಕಾಲಿಗೆ ಬಿದ್ದಳು. ಆದರೆ ಜೀಪಿನ ಚಾಲಕರೆಲ್ಲ ತಿಲಕ ಇಡಿಸಿಕೊಳ್ಳಲು ಊರಿಗೆ ಹೋಗಿದ್ದರಿಂದ ಒಂದು ದಿನ ಅಲ್ಲಿಯೇ ಕಳೆಯಬೇಕಾಯಿತು. ಆ ಒಂದು ದಿನ ನನ್ನ ರಜೆಯ ಲೆಕ್ಕವನ್ನು ಕೆಡಿಸಿತು. ಮುಂದಿನ ತಪ್ಪೆಲ್ಲ ಆ ಲೆಕ್ಕದಿಂದಲೇ ಹುಟ್ಟಿತು.

ಚಾಮೆಯವರೆಗೆ ಜೀಪು, ಅಲ್ಲಿಂದ ನಡಿಗೆ. ಪಿಸಾಂಗಿನಲ್ಲಿ ಬೆಳಗಾದಾಗ ಎರಡನೆಯ ಅನ್ನಪೂರ್ಣಾ ಶಿಖರ ಕಿಟಕಿಯ ತುಂಬ ನಿಂತಿತ್ತು. ನನ್ನಾಕೆ ಅದನ್ನು ನೋಡುತ್ತ ಕಂಬಳಿ ಹೊದ್ದು ಕುಳಿತವಳು ಒಂದು ಗಂಟೆ ಮಾತಾಡಲಿಲ್ಲ. ಮನಾಂಗಿನಲ್ಲಿ, ಸುಮಾರು 3500 ಮೀಟರ್ ಎತ್ತರದಲ್ಲಿ, ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್ ಎಂಬ ಸಂಸ್ಥೆಯ ಚಿಕಿತ್ಸಾಲಯವಿದೆ. ಸಂಸ್ಥೆ ಹುಟ್ಟಿದ್ದು 1973ರಲ್ಲಿ. ಚಾರಣದ ಕಾಲದಲ್ಲಿ ಅಲ್ಲಿಯ ವೈದ್ಯರು ಮಧ್ಯಾಹ್ನದ ಹೊತ್ತು ಪಯಣಿಗರನ್ನು ಕೂರಿಸಿ ಎತ್ತರದ ಕಾಯಿಲೆಯ ಬಗ್ಗೆ ಪಾಠ ಹೇಳುತ್ತಾರೆ. ನೇಪಾಳಿಗಳು ಅದನ್ನು ‘ಲೇಕ್ ಲಾಗ್ಯೋ’ ಎನ್ನುತ್ತಾರೆ. ಮೂರು ಸಾವಿರ ಮೀಟರ್ ದಾಟಿದ ಮೇಲೆ, ಮಲಗುವ ಜಾಗ ದಿನಕ್ಕೆ ಐನೂರು ಮೀಟರಿಗಿಂತ ಹೆಚ್ಚು ಮೇಲೇರಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ವಿಶ್ರಾಂತಿ ಬೇಕು. ತಲೆನೋವು, ವಾಕರಿಕೆ ಬಂದರೆ ಮುಂದೆ ಹತ್ತಬಾರದು. ನೆಟ್ಟಗೆ ನಡೆಯಲಾಗದಿದ್ದರೆ ಆ ಕ್ಷಣವೇ ಇಳಿಯಬೇಕು, ಅದು ಮಿದುಳಿಗೆ ಬಾವು ಬಂದುದರ ಗುರುತು. ಇಷ್ಟನ್ನು ಯುವ ವೈದ್ಯೆಯೊಬ್ಬರು ಸ್ಪಷ್ಟವಾಗಿ ಹೇಳಿದರು. ನನ್ನಾಕೆ ಪುಸ್ತಕದಲ್ಲಿ ಬರೆದುಕೊಂಡಳು. ನಾನು ಮೇಷ್ಟರು; ಇನ್ನೊಬ್ಬರ ಪಾಠ ಕೇಳುವ ಅಭ್ಯಾಸ ಕಡಿಮೆ.

ಆಗಲೇ ನನ್ನ ತಲೆ ನೋಯುತ್ತಿತ್ತು.

“ರೀ, ನಾಳೆ ಇಲ್ಲೇ ಇರೋಣ, ಡಾಕ್ಟರು ಹೇಳಿದರಲ್ಲ” ಎಂದಳು. ರಜೆಯ ಲೆಕ್ಕ ಮುಂದಿಟ್ಟೆ. ತಲೆನೋವಿನ ಮಾತೆತ್ತಲಿಲ್ಲ. ಮರುದಿನ ಯಾಕ್ ಖರ್ಕದ ಏರಿನಲ್ಲಿ ಆಕೆ ಏದುಸಿರು ಬಿಡುವುದನ್ನು ಕಂಡು ಅವಳ ಚೀಲದಿಂದ ಮೂರು ಕಿಲೋ ತೆಗೆದು ನನ್ನದಕ್ಕೆ ತುಂಬಿಕೊಂಡೆ. ಅವಳು ಬೇಡವೆಂದರೂ ಕೇಳಲಿಲ್ಲ. ಆ ಏದುಸಿರು ಸಹಜವಾದದ್ದು. ಕಾಯಿಲೆಯಿದ್ದದ್ದು ನನಗೆ. ರಾತ್ರಿ ಒಲೆಯ ಸುತ್ತ ಎಲ್ಲರೂ ಬೆಳ್ಳುಳ್ಳಿ ಸಾರು ಕುಡಿಯುತ್ತಿದ್ದಾಗ ನನಗೆ ಅದರ ವಾಸನೆಯೇ ಸೇರಲಿಲ್ಲ; ಹಸಿವಿಲ್ಲ ಎಂದೆ. ಮುಂದಿನ ರಾತ್ರಿ ಥೊರಂಗ್ ಫೇದಿಯಲ್ಲಿ, ಘಾಟಿಯ ಬುಡದಲ್ಲಿ, ಎರಡು ಸಲ ವಾಂತಿಯಾಯಿತು. ಊಟ ಒಗ್ಗಲಿಲ್ಲ ಎಂದೆ.

ಬೆಳಗಿನ ಜಾವ ನಾಲ್ಕಕ್ಕೆ ಎಲ್ಲರೂ ಹೊರಡುತ್ತಾರೆ. ಹೊತ್ತೇರಿದರೆ ಮೇಲೆ ಗಾಳಿ ಜೋರು. ನಾನು ಬೂಟಿನ ದಾರ ಕಟ್ಟಲು ಬಹಳ ಹೊತ್ತು ತೆಗೆದುಕೊಂಡೆನಂತೆ, ನನಗೆ ನೆನಪಿಲ್ಲ. ಆಕೆ ಅಂಗಳದ ಚಪ್ಪಡಿಕಲ್ಲುಗಳ ಸಂದನ್ನು ಬ್ಯಾಟರಿಯಿಂದ ತೋರಿಸಿ, “ಇದರ ಮೇಲೆ ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ಹತ್ತು ಹೆಜ್ಜೆ ನಡೆಯಿರಿ” ಎಂದಳು. ಮೂರನೆಯ ಹೆಜ್ಜೆಗೆ ಗೋಡೆ ಹಿಡಿದೆ. ಮತ್ತೊಮ್ಮೆ ಎಂದೆ. ಎರಡಕ್ಕೇ ವಾಲಿದೆ. ಅವಳು ಏನೂ ಅನ್ನಲಿಲ್ಲ. ಒಳಗೆ ಹೋಗಿ ವಸತಿಗೃಹದ ಒಡತಿಯನ್ನು ಎಬ್ಬಿಸಿ ಕುದುರೆಯೊಂದನ್ನು ಗೊತ್ತುಮಾಡಿದಳು. ಕೆಳಗೆ ಹೊರಟಿದ್ದ ಹೊರೆಯಾಳೊಬ್ಬ ನಮ್ಮ ಎರಡು ಚೀಲಗಳನ್ನೂ ಜೋಡಿಸಿ, ಹಣೆಗೆ ಪಟ್ಟಿ ಕೊಟ್ಟು ಎದ್ದ. ನನ್ನ ಸಿದ್ಧಾಂತ ಅವನ ಹಣೆಯ ಮೇಲೆ ತೂಗಾಡುತ್ತ ಮನಾಂಗಿಗೆ ಇಳಿಯಿತು. ಹಿಂದಿನಿಂದ ನಾನು, ಕುದುರೆಯ ಮೇಲೆ, ಮದುವಣಿಗನಂತೆ. ಎಂಟು ಒಂಬತ್ತು ನೂರು ಮೀಟರ್ ಇಳಿಯುವಷ್ಟರಲ್ಲಿ ತಲೆಯ ಮೇಲಿನ ಬಂಡೆಯನ್ನು ಯಾರೋ ಎತ್ತಿದಂತಾಯಿತು.

ಈಗ ನನ್ನ ಅಭಿಪ್ರಾಯಕ್ಕೆ ಬರುತ್ತೇನೆ. ಇಬ್ಬರೇ ಹೋಗುವುದು ಸೊಗಸೆಂದು ಹೇಳುವವರುಂಟು, ಮೂರನೆಯವರ ಕಾಟವಿಲ್ಲ. ನಿಜ, ಆದರೆ ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳಿದರೆ ಇನ್ನೊಬ್ಬರಿಗೆ ತಿಳಿಯುವ ದಾರಿಯೇ ಇಲ್ಲ. ನಾನು ಹೇಳಿದ್ದು ಒಳ್ಳೆಯ ಸುಳ್ಳೆಂದು, ಆಕೆಯ ಆಸೆ ಕೆಡಬಾರದೆಂದು ಹೇಳಿದ್ದೆಂದು, ಬಹಳ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹಾಗಲ್ಲ. ಹೆಂಡತಿಗಿಂತ ಮೊದಲು ಗಂಡ ಸೋತನೆಂಬ ಮಾತಿಗೆ ಹೆದರಿದ್ದೆ. ಮನಾಂಗಿನಲ್ಲಿಯೇ ಬಾಯಿಬಿಟ್ಟು ಒಂದೆರಡು ದಿನ ಉಳಿದಿದ್ದರೆ ಬಹುಶಃ ಇಬ್ಬರೂ ದಾಟುತ್ತಿದ್ದೆವು. ಆಕೆಯ ಘಾಟಿಯನ್ನು ಕಸಿದದ್ದು ಪರ್ವತವಲ್ಲ, ನಾನು.

2014ರ ಅಕ್ಟೋಬರಿನಲ್ಲಿ ಅದೇ ಘಾಟಿಯ ಸುತ್ತಮುತ್ತ ಹಿಮಬಿರುಗಾಳಿ ಎದ್ದು ನಲವತ್ತಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಪ್ರವಾಸಿಗಳು, ಮಾರ್ಗದರ್ಶಿಗಳು, ಹೊರೆಯಾಳುಗಳು ಎಲ್ಲರೂ ಇದ್ದರು. ಆ ಸಾವಿಗೂ ನನ್ನ ತಲೆನೋವಿಗೂ ಹೋಲಿಕೆಯಿಲ್ಲ. ಆದರೆ “ದಾಟಿದಿರೇನು?” ಎಂಬ ಪ್ರಶ್ನೆ ಬಿರುಗಾಳಿಯ ದಿನವೂ ಮನುಷ್ಯನ ಬೆನ್ನು ನೂಕುತ್ತದೆ ಎಂಬುದರಲ್ಲಿ ನನಗೆ ಸಂದೇಹವಿಲ್ಲ.

2023ರಲ್ಲಿ ನೇಪಾಳದ ಪ್ರವಾಸೋದ್ಯಮ ಮಂಡಳಿ ವಿದೇಶಿ ಚಾರಣಿಗರು ಮಾರ್ಗದರ್ಶಿಯೊಡನೆಯೇ ನಡೆಯಬೇಕೆಂದು ನಿಯಮ ಮಾಡಿತು. ಸ್ವಾತಂತ್ರ್ಯ ಹೋಯಿತೆಂದು ಕೂಗೆದ್ದಿತು. ಹಿಂದಿನ ನಾನಾಗಿದ್ದರೆ ಆ ಕೂಗಿಗೆ ದನಿ ಸೇರಿಸುತ್ತಿದ್ದೆ. ಈಗ ನಿಯಮ ಸರಿಯೆನ್ನುತ್ತೇನೆ, ನಿಯಮವಿಲ್ಲದ ಕಡೆಯೂ ಜೊತೆಗೊಬ್ಬರು ಇರಲೆನ್ನುತ್ತೇನೆ. ಕೂಲಿ ಕೊಡದೆ ಉಳಿಸಿದ ನನ್ನ ಹಣದಿಂದ ಆ ಮನುಷ್ಯನ ಘನತೆ ಹೆಚ್ಚಲಿಲ್ಲ, ಅವನ ಮನೆಗೆ ಅಕ್ಕಿ ಕಡಿಮೆಯಾಯಿತು, ಅಷ್ಟೆ. ಇಷ್ಟು ಹೇಳಿ ಇನ್ನೊಂದನ್ನು ಬಿಟ್ಟರೆ ತಪ್ಪು: ಹೊರೆಯಾಳುಗಳೆಲ್ಲ ಪರ್ವತದ ಮಕ್ಕಳು, ಅವರಿಗೆ ಏನೂ ಆಗದು ಎಂಬ ನಂಬಿಕೆ ಸುಳ್ಳು. ಹಲವರು ಕೆಳಗಿನ ಭತ್ತದ ಊರುಗಳವರು. ಎತ್ತರ ಅವರನ್ನೂ ನಮ್ಮಂತೆಯೇ ಹಿಡಿಯುತ್ತದೆ. ನಮ್ಮ ಚೀಲ ಹೊತ್ತವನಂತೂ ಗದ್ದೆ ಕೊಯ್ಲಿಗೆ ಬಂದಿದೆಯೆಂದು ಇಳಿಯುತ್ತಿದ್ದವನು. ಅವನಿಗೂ ಹಿಂದಿನ ರಾತ್ರಿಯೆಲ್ಲ ತಲೆ ಸಿಡಿಯುತ್ತಿತ್ತೆಂದು ಮನಾಂಗಿನಲ್ಲಿ ಚಹಾ ಕುಡಿಯುವಾಗ ಹೇಳಿದ. ಅವನನ್ನು ಯಾರೂ ಕೇಳಿರಲಿಲ್ಲ, ನಾವೂ ಚೀಲ ಹೊರಿಸುವ ಮೊದಲು ಕೇಳಲಿಲ್ಲ.

ಪೋಖರಾಕ್ಕೆ ಬಂದ ಮೇಲೆ ಆಕೆ, “ನೀವು ಇಲ್ಲಿ ಮಲಗಿರಿ, ನಾನು ಮುಕ್ತಿನಾಥ ನೋಡಿ ಬರುತ್ತೇನೆ” ಎಂದಳು. ಕಾಳಿ ಗಂಡಕಿಯ ಕಣಿವೆಯಲ್ಲಿ ಅಲ್ಲಿಗೆ ಮೋಟಾರು ರಸ್ತೆಯಿದೆ. ಒಬ್ಬಳೇ ಹೋದಳು. ನಾನು ಫೇವಾ ಸರೋವರದ ದಂಡೆಯಲ್ಲಿ ಮೂರು ದಿನ ದೋಣಿ ಎಣಿಸುತ್ತ, ಫೋನು ಹತ್ತದಿದ್ದಾಗ ದೇವರನ್ನು ನೆನೆಯುತ್ತ ಕುಳಿತೆ. ನೂರೆಂಟು ಧಾರೆಗಳ ತಣ್ಣೀರಿನ ಕೆಳಗೆ ಓಡಿ ಬಂದಳಂತೆ. ಅಲ್ಲಿಂದ ಮೇಲೆ ನೋಡಿದರೆ ಘಾಟಿಯಿಂದ ಇಳಿದು ಬರುವವರು ಇರುವೆಗಳಂತೆ ಕಾಣುತ್ತಿದ್ದರೆಂದಳು. ಬೇರೇನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಬರುವ ದಸರಾಕ್ಕೆ ಆಕೆ ಮತ್ತೆ ಹೊರಟಿದ್ದಾಳೆ, ತಮ್ಮ ಶಾಲೆಯ ಇಬ್ಬರು ಉಪಾಧ್ಯಾಯಿನಿಯರೊಡನೆ. ಮಾರ್ಗದರ್ಶಿ ಗೊತ್ತಾಗಿದೆ, ಮನಾಂಗಿನಲ್ಲಿ ಎರಡು ದಿನ ವಿಶ್ರಾಂತಿಯೆಂದು ಪಟ್ಟಿಯಲ್ಲಿ ಬರೆದಿದ್ದಾಳೆ. ನನ್ನ ದೊಡ್ಡ ಚೀಲವನ್ನು ಕೇಳಿದ್ದಾಳೆ. ಅದರ ಒಂದು ಪಟ್ಟಿ ಹರಿದಿದೆ. ಈ ವಾರ ಹೊಲಿಸಿ ಕೊಡಬೇಕು.