ಹೆಸರು ಹೇಳಿದರೆ ಸಾಕೆ?

ಹತ್ತನೆಯ ತರಗತಿಯ ಮಕ್ಕಳು ರಸಾಯನಶಾಸ್ತ್ರದ ಮೊದಲ ಪಾಠದಲ್ಲಿಯೇ ನಾಲ್ಕು ಹೆಸರುಗಳನ್ನು ಉರುಹೊಡೆಯುತ್ತಾರೆ: ಸಂಯೋಗ, ವಿಭಜನೆ, ಸ್ಥಾನಪಲ್ಲಟ, ದ್ವಿಸ್ಥಾನಪಲ್ಲಟ. ಇವುಗಳ ಬೆನ್ನಿಗೇ ಉತ್ಕರ್ಷಣ ಮತ್ತು ಅಪಕರ್ಷಣ. ನನ್ನ ಹಳೆಯ ವಿದ್ಯಾರ್ಥಿಗಳಾದ ನಿಮ್ಮಲ್ಲಿ ಹಲವರು ಈಗ ಇದೇ ಪಾಠವನ್ನು ನಿಮ್ಮ ಮಕ್ಕಳಿಗೆ ಹೇಳಿಕೊಡುತ್ತಿದ್ದೀರಿ. ಆದುದರಿಂದ ಒಂದು ಮಾತು: ಕ್ರಿಯೆಯ ಹೆಸರನ್ನು ಹೇಳಿಸಿ ಪಾಠ ಮುಗಿಸಬೇಡಿ.

ನಮಗೆಲ್ಲ ಪರಿಚಿತವಾದ ಸುಣ್ಣವನ್ನೇ ನೋಡಿ. ಸುಣ್ಣದ ಕಲ್ಲನ್ನು ಗೂಡಿನಲ್ಲಿ ಸುಟ್ಟರೆ ಕಾರ್ಬನ್ ಡೈಆಕ್ಸೈಡ್ ಹೊರಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಇದು ವಿಭಜನೆ. ಅದಕ್ಕೆ ನೀರು ಹಾಕಿದರೆ ಕೊತಕೊತನೆ ಕುದಿದು ಅರಳುತ್ತದೆ. ಇದು ಸಂಯೋಗ. ಅರಳಿದ ಸುಣ್ಣವನ್ನು ಗೋಡೆಗೆ ಬಳಿದಾಗ ಅದು ಗಾಳಿಯಲ್ಲಿನ ಕಾರ್ಬನ್ ಡೈಆಕ್ಸೈಡನ್ನು ಹೀರಿ, ನೀರನ್ನು ಬಿಟ್ಟುಕೊಟ್ಟು, ಮರಳಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ಈ ಮೂರನೆಯದು ಯಾವ ಬಗೆ? ಎರಡು ವಸ್ತುಗಳು ಕೂಡಿ ಎರಡು ವಸ್ತುಗಳೇ ಬಂದಿರುವುದರಿಂದ ಸಂಯೋಗವಲ್ಲ. ಯಾವ ಧಾತುವೂ ಇನ್ನೊಂದನ್ನು ಹೊರದೂಡದಿರುವುದರಿಂದ ಸ್ಥಾನಪಲ್ಲಟವೂ ಅಲ್ಲ. ಆಮ್ಲೀಯ ಆಕ್ಸೈಡೊಂದು ಪ್ರತ್ಯಾಮ್ಲದೊಡನೆ ವರ್ತಿಸಿತೆಂದರೆ ಮಾತ್ರ ವಿಷಯ ತಿಳಿಯಾಗುತ್ತದೆ.

ಕೇವಲ ಹೆಸರನ್ನು ನಂಬಿದವರಿಗೆ ಇನ್ನೂ ದೊಡ್ಡ ಅಪಾಯವಿದೆ. ತಾಮ್ರದ ಸಲ್ಫೇಟ್ ದ್ರಾವಣದಲ್ಲಿ ಕಬ್ಬಿಣದ ಮೊಳೆಯನ್ನು ಮುಳುಗಿಸಿದರೆ ನೀಲಿ ಬಣ್ಣ ಮಾಸಿ, ಮೊಳೆಯ ಮೇಲೆ ಕೆಂಗಂದು ಬಣ್ಣದ ತಾಮ್ರ ಕೂರುತ್ತದೆ. ಆದರೆ ಕಬ್ಬಿಣದ ಸಲ್ಫೇಟ್ ದ್ರಾವಣದಲ್ಲಿ ತಾಮ್ರದ ತಂತಿಯನ್ನಿಟ್ಟರೆ ಏನೂ ಆಗುವುದಿಲ್ಲ. ಅಕ್ಷರಗಳನ್ನು ಅದಲುಬದಲು ಮಾಡುವುದನ್ನಷ್ಟೇ ಕಲಿತ ಮಗು ಎರಡಕ್ಕೂ ಸಮೀಕರಣ ಬರೆದುಬಿಡುತ್ತದೆ! ಅಡುಗೆ ಉಪ್ಪಿನ ದ್ರಾವಣಕ್ಕೆ ಪೊಟ್ಯಾಸಿಯಂ ನೈಟ್ರೇಟ್ ದ್ರಾವಣವನ್ನು ಬೆರೆಸಿದರೆ ದ್ವಿಸ್ಥಾನಪಲ್ಲಟವೆಂದು ಬರೆಯುವವರೂ ಉಂಟು. ಅಲ್ಲಿ ನಾಲ್ಕು ಬಗೆಯ ಅಯಾನುಗಳು ನೀರಿನಲ್ಲಿ ಮೊದಲಿನಂತೆಯೇ ತೇಲುತ್ತಿರುತ್ತವೆ, ಅಷ್ಟೆ.

ಇನ್ನು ಮೆಗ್ನೀಸಿಯಂ ಪಟ್ಟಿ ಉರಿಯುವುದು ಸಂಯೋಗವೂ ಹೌದು, ಉತ್ಕರ್ಷಣವೂ ಹೌದು, ಶಾಖ ಬಿಡುಗಡೆ ಮಾಡುವುದರಿಂದ ಬಹಿರುಷ್ಣಕವೂ ಹೌದು. ‘ಇದು ಯಾವ ವಿಧದ ಕ್ರಿಯೆ?’ ಎಂದು ಕೇಳಿ, ಮಾದರಿ ಉತ್ತರದಲ್ಲಿ ಸಂಯೋಗವೆಂದಿದೆಯೆಂಬ ಕಾರಣಕ್ಕೆ ಉತ್ಕರ್ಷಣವೆಂದು ಬರೆದ ಮಗುವಿನ ಅಂಕವನ್ನು ಕಳೆಯುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ವಿಚಾರ ಮಾಡಿದ ಮಗುವಿಗೇ ಅಲ್ಲಿ ಶಿಕ್ಷೆ.

ವರ್ಗೀಕರಣವೇನೂ ಶಿಲಾಶಾಸನವಲ್ಲ. ಆಮ್ಲಗಳಲ್ಲೆಲ್ಲ ಇರುವ ಧಾತುವಿದೆಂದು ಭಾವಿಸಿಯೇ ಲ್ಯಾವೋಸಿಯೆ ಆಕ್ಸಿಜನ್ ಎಂಬ ಹೆಸರನ್ನಿಟ್ಟನು. ನಮ್ಮ ‘ಆಮ್ಲಜನಕ’ ಅದರದೇ ಅನುವಾದ. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಮ್ಲಜನಕವೇ ಇಲ್ಲವೆಂದು 1810ರಲ್ಲಿ ಹಂಫ್ರಿ ಡೇವಿ ತೋರಿಸಿದ ಮೇಲೂ ಹೆಸರು ಉಳಿಯಿತು. ಉತ್ಕರ್ಷಣವೆಂದರೆ ಆಮ್ಲಜನಕದೊಡನೆ ಕೂಡುವುದೆಂಬ ಅರ್ಥವೂ ಹಿಗ್ಗಿತು. 1897ರಲ್ಲಿ ಜೆ. ಜೆ. ಥಾಮ್ಸನ್ ಎಲೆಕ್ಟ್ರಾನನ್ನು ಕಂಡುಹಿಡಿದ ನಂತರ, ಎಲೆಕ್ಟ್ರಾನನ್ನು ಕಳೆದುಕೊಳ್ಳುವುದೇ ಉತ್ಕರ್ಷಣವೆಂಬ ವಿವರಣೆ ಬಂದಿತು. ಕ್ಲೋರಿನ್‌ನಲ್ಲಿ ಉರಿಯುವ ಸೋಡಿಯಂ ಕೂಡ ಇಂದು ಉತ್ಕರ್ಷಣಗೊಂಡಂತೆಯೇ.

ಹಾಗೆಂದು ಈ ನಾಲ್ಕು ಹೆಸರುಗಳು ಬೇಡವೆಂದು ನಾನು ಹೇಳುತ್ತಿಲ್ಲ. ನೂರಾರು ಕ್ರಿಯೆಗಳನ್ನು ಕಂಡು ಗಾಬರಿಗೊಳ್ಳುವ ಹೊಸಬರಿಗೆ ಹಿಡಿದು ನಡೆಯಲು ಒಂದು ಕೋಲು ಬೇಕು. ಆದರೆ ಮಗು ಹೆಸರು ಹೇಳಿದೊಡನೆ ‘ಶಹಭಾಸ್’ ಎಂದು ಪುಸ್ತಕ ಮುಚ್ಚದೆ ಇನ್ನೂ ಮೂರು ಪ್ರಶ್ನೆಗಳನ್ನು ಕೇಳಿರಿ. ಯಾವುದು ಯಾವುದನ್ನು ಬಿಟ್ಟು ಯಾವುದರೊಡನೆ ಸೇರಿತು? ಏಕೆ ಸೇರಿತು? ತಿರುಗಿಸಿ ಮಾಡಿದರೆ ನಡೆಯುವುದೆ? ಮೂರನೆಯದಕ್ಕೆ ಮಗು ಉತ್ತರ ಹುಡುಕತೊಡಗಿತೆಂದರೆ, ಅದು ರಸಾಯನಶಾಸ್ತ್ರವನ್ನು ಕಲಿಯತೊಡಗಿದೆಯೆಂದು ತಿಳಿಯಿರಿ.