ಹೃದಯದ ಕಡಿವಾಣ

ಹೃದಯವು ತನ್ನಷ್ಟಕ್ಕೆ ತಾನೇ ಮಿಡಿಯಬಲ್ಲದು. ನರಗಳ ಹಂಗಿಲ್ಲದಿದ್ದರೆ ಅದು ನಿಮಿಷಕ್ಕೆ ಸುಮಾರು 100 ಸಲ ಬಡಿದೀತು. ಅದನ್ನು 70ರ ಆಸುಪಾಸಿಗೆ ಇಳಿಸುವುದು ಮಿದುಳಿನಿಂದ ಬರುವ ವೇಗಸ್ ನರ. ಈ ನರವು ಒಂದು ರಾಸಾಯನಿಕವನ್ನು ಸ್ರವಿಸಿ ಬಡಿತವನ್ನು ತಗ್ಗಿಸುತ್ತದೆಂದು ಆಟೊ ಲೋವಿ ಅವರು 1921ರಲ್ಲಿ ಕಪ್ಪೆಯ ಹೃದಯದ ಮೇಲಿನ ಪ್ರಯೋಗದಿಂದ ತೋರಿಸಿದರು. ಇದಕ್ಕೆದುರಾಗಿ ಹೃದಯವನ್ನು ಹುರಿದುಂಬಿಸುವವು ಸಿಂಪಥೆಟಿಕ್ ನರಗಳು.

ವಯಸ್ಸಾದಂತೆ ಮೊದಲನೆಯದರ ಹಿಡಿತ ಸಡಿಲವಾಗಿ ಎರಡನೆಯವುಗಳ ಅಬ್ಬರ ಹೆಚ್ಚುತ್ತದೆ. ಬೊಜ್ಜು ಬೆಳೆದರಂತೂ ಕೊಬ್ಬಿನ ಕೋಶಗಳು ಸ್ರವಿಸುವ ಲೆಪ್ಟಿನ್ ಮೂತ್ರಪಿಂಡದ ನರಗಳನ್ನು ಕೆರಳಿಸುತ್ತದೆ; ಉಪ್ಪುನೀರು ದೇಹದಲ್ಲಿಯೇ ಉಳಿದು ರಕ್ತದೊತ್ತಡ ಏರುತ್ತದೆ. ಗೊರಕೆಯ ನಡುವೆ ಉಸಿರು ನಿಂತುನಿಂತು ಬರುವವರ ನರಗಳಿಗೆ ರಾತ್ರಿಯೂ ವಿಶ್ರಾಂತಿಯಿಲ್ಲ. (ಗೊರಕೆಯನ್ನು ಸುಖನಿದ್ರೆಯ ಗುರುತೆಂದು ಮೆಚ್ಚುವ ಮನೆಗಳನ್ನು ನಾನು ಬಲ್ಲೆ.)

ಕುತ್ತಿಗೆಯ ರಕ್ತನಾಳದಲ್ಲಿ ಒತ್ತಡವನ್ನು ಅರಿಯುವ ನರತುದಿಗಳಿವೆ. ನಾಳ ಪೆಡಸಾದಂತೆ ಅವು ಮಂದವಾಗುವುದರಿಂದ ವೃದ್ಧರು ಥಟ್ಟನೆ ಎದ್ದಾಗ ತಲೆ ಸುತ್ತಿ ಬೀಳುವುದುಂಟು. ಇದು ಮಾತ್ರೆಯದೇ ದೋಷವೆಂದು ಭಾವಿಸಿ ಕೆಲವರು ಅದನ್ನು ನಿಲ್ಲಿಸಿಬಿಡುತ್ತಾರೆ. ಸಿಂಪಥೆಟಿಕ್ ನರಗಳ ಆಜ್ಞೆ ಹೃದಯಕ್ಕೆ ಮುಟ್ಟದಂತೆ ತಡೆಯುವ ಅಟೆನೊಲಾಲ್, ಮೆಟೊಪ್ರೊಲಾಲ್ ಮುಂತಾದವುಗಳನ್ನು ಒಮ್ಮೆಲೇ ಬಿಟ್ಟರೆ ಎದೆನೋವು ಕೆರಳಿ ಹೃದಯಾಘಾತವೂ ಸಂಭವಿಸಬಹುದು. ಬಿಡಲೇಬೇಕಾದರೆ ವೈದ್ಯರ ಸೂಚನೆಯಂತೆ ಸ್ವಲ್ಪಸ್ವಲ್ಪವಾಗಿ ತಗ್ಗಿಸುತ್ತ ಬಿಡತಕ್ಕದ್ದು.