ನಗರದ ಬಾವಿಯೂ ಕೋವಿಯ ಒದೆತವೂ

ಒಂಬತ್ತನೆಯ ತರಗತಿಯಲ್ಲಿ ನ್ಯೂಟನ್ನನ ಮೂರನೆಯ ನಿಯಮ ಹೇಳುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. "ಸಾರ್, ಸಿನಿಮಾದಲ್ಲಿ ಸೈನಿಕ ಕೈಬಾಂಬನ್ನೇ ಕೋವಿಯಲ್ಲಿಟ್ಟು ಹೊಡೆಯುತ್ತಾನಲ್ಲ, ಅವನ ಭುಜ ಮುರಿಯುವುದಿಲ್ಲವೆ?" ತರಗತಿ ನಕ್ಕಿತು. ನಾನು ನಗಲಿಲ್ಲ. ಸೇನೆಗಳು 'ಗ್ರೆನೇಡ್ ಲಾಂಚರ್' ಎಂದು ಕರೆಯುವ ಆಯುಧವನ್ನು ರೂಪಿಸಿದವರೂ ಮೊದಲು ಕೇಳಿಕೊಂಡ ಪ್ರಶ್ನೆ ಅದೇ.

ಮಂಗನ ಕಾಟಕ್ಕೆ ಕೋವಿ ಇಟ್ಟುಕೊಂಡಿರುವ ನಮ್ಮ ಕಡೆಯ ಮನೆಗಳಲ್ಲಿ ಅದರ ಒದೆತ ಎಂಥದೆಂದು ಹಿರಿಯರನ್ನು ಕೇಳಿ. ಗುಂಡು ಮುಂದಕ್ಕೆ ಹೋದಷ್ಟೇ ಸಂವೇಗದಲ್ಲಿ ಕೋವಿ ಹಿಂದಕ್ಕೆ ಬರಬೇಕು. ಸೇನೆಯ ರೈಫಲ್ಲೊಂದರ ಗುಂಡು ಸುಮಾರು 9.5 ಗ್ರಾಂ, ವೇಗ ಸೆಕೆಂಡಿಗೆ 840 ಮೀಟರ್ ಎಂದಿಟ್ಟುಕೊಳ್ಳಿ. ಗುಣಿಸಿದರೆ ಸಂವೇಗ 8 ಬರುತ್ತದೆ. 40 ಮಿ.ಮೀ. ಗ್ರೆನೇಡು ಸುಮಾರು 230 ಗ್ರಾಂ. ಅದನ್ನೂ ಅದೇ ವೇಗದಲ್ಲಿ ಎಸೆಯಹೊರಟರೆ ಸಂವೇಗ 193! ಭುಜವಲ್ಲ, ಮನುಷ್ಯನೇ ಉಳಿಯಲಾರ.

ಈ ಒದೆತವನ್ನು ಎಲ್ಲಿಗೆ ಕಳಿಸುವುದು? ಇದಕ್ಕೆ ಸಿಕ್ಕ ಬಹಳ ಜಾಣ ಉತ್ತರವೊಂದು ನಮ್ಮ ಹೊಸನಗರ ತಾಲ್ಲೂಕಿನ ನಗರದ ಪಾಳುಬಾವಿಯಲ್ಲಿ ಹೂತುಹೋಗಿತ್ತು.

2018ರ ಜುಲೈಯಲ್ಲಿ ಪುರಾತತ್ವ ಇಲಾಖೆಯವರು ಆ ಒಣಬಾವಿಯನ್ನು ಅಗೆಸಿದರು. ಅದರ ಮಣ್ಣಿಗೆ ಮದ್ದಿನ ವಾಸನೆ ಇದ್ದದ್ದೇ ಅದಕ್ಕೆ ಕಾರಣ. ಸಿಕ್ಕಿದ್ದು ತುಕ್ಕು ಹಿಡಿದ ಸಾವಿರಕ್ಕೂ ಹೆಚ್ಚು ಕಬ್ಬಿಣದ ಕೊಳವೆಗಳು. 2002ರಲ್ಲೂ ಇದೇ ಊರಿನಲ್ಲಿ ಇಂಥವೇ ನೂರಕ್ಕೂ ಮಿಕ್ಕಿ ಸಿಕ್ಕು ಶಿವಮೊಗ್ಗ ಸೇರಿದ್ದವು. ಅವು ಟಿಪ್ಪುವಿನ ಕಾಲದ ಯುದ್ಧ ರಾಕೆಟ್‌ಗಳೆಂದು ಗೊತ್ತಾದದ್ದು ಕೆಲವು ವರ್ಷ ಕಳೆದ ಮೇಲೆ. ಗುಜರಿಯವನ ತಕ್ಕಡಿಗೆ ಬಿದ್ದಿದ್ದರೆ ಕಿಲೋ ಲೆಕ್ಕದಲ್ಲಿ ಕರಗಿಹೋಗುತ್ತಿದ್ದವು.

ನಗರ ಎಂದರೆ ಹಳೆಯ ಬಿದನೂರು. ಕೆಳದಿಯಲ್ಲಿ ಹುಟ್ಟಿದ ನಾಯಕರ ರಾಜ್ಯ ಇಕ್ಕೇರಿಗೆ ಬಂದು, ಆಮೇಲೆ ಬಿದನೂರಿನಲ್ಲಿ ನೆಲೆನಿಂತಿತು. 1763ರಲ್ಲಿ ಹೈದರಾಲಿ ಅದನ್ನು ಗೆದ್ದು ಹೈದರನಗರ ಎಂದು ಹೆಸರಿಟ್ಟ. ಈ ಘಟ್ಟದ ದಾರಿಗಳಲ್ಲಿ, ಅದೂ ಆಷಾಢದ ಮಳೆಯಲ್ಲಿ, ಫಿರಂಗಿ ಎಳೆದೊಯ್ಯುವುದನ್ನು ಊಹಿಸಿಕೊಳ್ಳಿ. ಫಿರಂಗಿಗೆ ಅಷ್ಟು ಭಾರ ಬೇಕಾದದ್ದೂ ಬಹುಮಟ್ಟಿಗೆ ಒತ್ತಡವನ್ನೂ ಒದೆತವನ್ನೂ ತಡೆದುಕೊಳ್ಳುವುದಕ್ಕಾಗಿಯೇ. ರಾಕೆಟ್ಟಿಗೆ ಫಿರಂಗಿಯೇ ಬೇಡ. ಹಿಂದಕ್ಕೆ ಹೋಗಬೇಕಾದ ಸಂವೇಗವನ್ನು ಉರಿದ ಮದ್ದಿನ ಅನಿಲವೇ ಹೊತ್ತು ಹೋಗುತ್ತದೆ. ಹಾರಿಸುವವನಿಗೆ ಒದೆತವಿಲ್ಲ, ಕೆಲವನ್ನು ಒಬ್ಬನೇ ಹೊತ್ತು ನಡೆಯಬಹುದು.

ಹಾಗಾದರೆ ದೀಪಾವಳಿಯ ರಾಕೆಟ್ಟಿಗೂ ಇದಕ್ಕೂ ಏನು ವ್ಯತ್ಯಾಸ? ಕಬ್ಬಿಣ. ಪೆಟ್ಲುಪ್ಪು, ಗಂಧಕ, ಇದ್ದಿಲು ಸೇರಿದ ಕರಿಮದ್ದು ಒತ್ತಡ ಹೆಚ್ಚಿದಷ್ಟೂ ಬಿರುಸಾಗಿ ಉರಿಯುತ್ತದೆ. ಕಾಗದದ ಅಥವಾ ಬಿದಿರಿನ ಕೊಳವೆ ಅಷ್ಟು ಒತ್ತಡಕ್ಕೆ ಸೀಳಿಹೋಗುತ್ತದೆ, ಕಬ್ಬಿಣದ್ದು ತಾಳುತ್ತದೆ. ಹೆಚ್ಚು ಮದ್ದನ್ನು ಗಟ್ಟಿಯಾಗಿ ತುಂಬಬಹುದು, ಅನಿಲ ಹೆಚ್ಚು ರಭಸದಿಂದ ಹೊರಡುತ್ತದೆ. ಆದ್ದರಿಂದಲೇ ಮೈಸೂರಿನವರ ರಾಕೆಟ್ಟು ಒಂದು ಕಿಲೋಮೀಟರಿನ ಆಸುಪಾಸು, ಕೆಲವೊಮ್ಮೆ ಅದಕ್ಕೂ ದೂರ ಹೋಗುತ್ತಿತ್ತು.

ಬೆಂಗಳೂರಿನ ವಿಜ್ಞಾನಿ ರೊದ್ದಂ ನರಸಿಂಹ ಅವರು ಈ ರಾಕೆಟ್‌ಗಳನ್ನು ಕುರಿತು 1985ರಲ್ಲಿ ಒಂದು ಒಳ್ಳೆಯ ಪ್ರಬಂಧ ಬರೆದರು. ಇಂಗ್ಲೆಂಡಿನ ವುಲ್ವಿಚ್ಚಿನಲ್ಲಿ ಉಳಿದಿದ್ದ ಎರಡು ಮಾದರಿಗಳ ಅಳತೆ ಅದರಲ್ಲಿದೆ. ಒಂದಕ್ಕೆ ಸುಮಾರು ಆರು ಅಡಿಯ ಬಿದಿರನ್ನು, ಇನ್ನೊಂದಕ್ಕೆ ಮೂರಡಿಗೂ ಉದ್ದದ ಕತ್ತಿಯ ಅಲಗನ್ನು ಚರ್ಮದ ಪಟ್ಟಿಯಿಂದ ಬಿಗಿದಿದ್ದರು. ಗಾಳಿಪಟಕ್ಕೆ ಬಾಲಂಗೋಚಿ ಇದ್ದ ಹಾಗೆ, ಹಾರುವಾಗ ತಲೆ ಅತ್ತಿತ್ತ ತಿರುಗದಂತೆ ಹಿಡಿಯಲು ಈ ಉದ್ದನೆಯ ಬಾಲ. ಆದರೂ ಗುರಿ ಅಷ್ಟಕ್ಕಷ್ಟೆ. ಗಾಳಿ ಬೀಸಿದರೆ ಹಾದಿ ತಪ್ಪುತ್ತಿತ್ತು. ಹಾಗಾಗಿ ಒಂದನ್ನಲ್ಲ, ರಾಶಿರಾಶಿಯಾಗಿ ಬಿಡುತ್ತಿದ್ದರು. ಬಾವಿಯಲ್ಲಿ ಸಾವಿರ ಸಿಕ್ಕಿದ್ದರಲ್ಲಿ ಆಶ್ಚರ್ಯವಿಲ್ಲ.

ಈಗ ಹುಡುಗನ ಲಾಂಚರಿಗೆ ಬರೋಣ. ಅಲ್ಲಿ ಗುರಿ ಬೇಕು, ಆದ್ದರಿಂದ ನಳಿಗೆಯೂ ಬೇಕು. ನಳಿಗೆ ಇದ್ದ ಮೇಲೆ ಒದೆತ ತಪ್ಪದು. ಅದಕ್ಕೆ ವೇಗವನ್ನೇ ಬಿಟ್ಟುಕೊಟ್ಟರು: ಸೆಕೆಂಡಿಗೆ ಸುಮಾರು 76 ಮೀಟರ್ ಸಾಕೆಂದರು. ಆಗ ಸಂವೇಗ ಹದಿನೇಳೂವರೆ, ರೈಫಲ್ಲಿನ ಎರಡರಷ್ಟು. ಭುಜ ತಡೆದೀತು. ಇಲ್ಲಿ ಇನ್ನೊಂದು ತೊಡಕು ಬಂತು. ಒತ್ತಡ ಕಡಿಮೆಯಾದರೆ ಮದ್ದು ಸರಿಯಾಗಿ ಉರಿಯದು, ಹೆಚ್ಚಾದರೆ ನಳಿಗೆ ದಪ್ಪವಾಗಬೇಕು. ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ಇದಕ್ಕೊಂದು ದಾರಿ ಕಂಡುಕೊಂಡರು. 1961ರಲ್ಲಿ ಅಮೆರಿಕದ ಸೇನೆ ಸೇರಿದ ಎಂ-79ರ ತೋಟಾದಲ್ಲೂ ಅದೇ ಉಪಾಯವಿದೆ: ಒಳಗೊಂದು ಪುಟ್ಟ ಗಟ್ಟಿ ಕೋಣೆ, ಸುತ್ತ ದೊಡ್ಡ ಕೋಣೆ. ಮದ್ದು ಚಿಕ್ಕದರಲ್ಲಿ ಹೆಚ್ಚಿನ ಒತ್ತಡದಲ್ಲಿ ಉರಿಯುತ್ತದೆ. ಅನಿಲ ಸಣ್ಣ ತೂತುಗಳಿಂದ ದೊಡ್ಡದಕ್ಕೆ ಹರಿದು, ಹಿಗ್ಗಿ, ಗ್ರೆನೇಡನ್ನು ಮೆಲ್ಲಗೆ ತಳ್ಳುತ್ತದೆ. ಕುಕ್ಕರಿನೊಳಗೆ ಒತ್ತಡ ಎಷ್ಟೇ ಇರಲಿ, ಹಬೆ ಅಡುಗೆಮನೆಗೆ ಬಂದಾಗ ಗೋಡೆಗೆ ಏನೂ ಆಗುವುದಿಲ್ಲವಲ್ಲ, ಹಾಗೆ. ನಳಿಗೆ ಹಗುರವಾದ ಅಲ್ಯೂಮಿನಿಯಂನದಾದರೂ ನಡೆಯುತ್ತದೆ. ಅದರೊಳಗಿನ ಸುರುಳಿ ಗೀರುಗಳು ಗ್ರೆನೇಡನ್ನು ಬುಗುರಿಯಂತೆ ತಿರುಗಿಸುವುದರಿಂದ ಬಿದಿರಿನ ಬಾಲವೂ ಬೇಡ.

ಮಕ್ಕಳಿಗೆ ಬಾಂಬಿನ ಪಾಠ ಏಕೆ ಮಾಸ್ತರೇ ಎಂದು ಒಬ್ಬರು ತಂದೆ ಕೇಳಿದರು. ಅವರ ಸಂಕೋಚ ನನಗೂ ಇದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈ ರಾಕೆಟ್‌ಗಳನ್ನು ವುಲ್ವಿಚ್ಚಿಗೆ ಒಯ್ದರು. ವಿಲಿಯಂ ಕಾಂಗ್ರೀವ್ ಅವುಗಳ ಜಾಡಿನಲ್ಲೇ ತನ್ನವನ್ನು ಮಾಡಿದ. 1807ರಲ್ಲಿ ಅವು ಕೋಪನ್‌ಹೇಗನ್ ನಗರದ ಮೇಲೆ ಬಿದ್ದು ಮನೆಗಳು ಹೊತ್ತಿ ಉರಿದವು. ಇದನ್ನೂ ತರಗತಿಯಲ್ಲಿ ಹೇಳುತ್ತೇನೆ. ಹೇಳದೆ ಬಿಟ್ಟರೆ ಸಿನಿಮಾ ಹೇಳಿದ್ದಷ್ಟೇ ಅವರ ತಲೆಯಲ್ಲಿ ಉಳಿಯುತ್ತದೆ.

ಶಿವಮೊಗ್ಗಕ್ಕೆ ಹೋದಾಗ ಶಿವಪ್ಪ ನಾಯಕನ ಅರಮನೆಯ ವಸ್ತುಸಂಗ್ರಹಾಲಯಕ್ಕೆ ಮಕ್ಕಳನ್ನು ಕರೆದೊಯ್ಯಿರಿ. ನಗರದ ಕೊಳವೆಗಳು ಸೇರಿದ್ದು ಅಲ್ಲಿಗೇ. ಕೊಳವೆಯ ಒಂದು ತುದಿ ಮುಚ್ಚಿ, ಇನ್ನೊಂದರಲ್ಲಿ ಮಾತ್ರ ತೂತು ಬಿಟ್ಟದ್ದೇಕೆ ಎಂದು ಅವರನ್ನೇ ಕೇಳಿ ನೋಡಿ.